ತಡವರಿಸುವ ಮಾತಿಗೆ ಬೆಲೆ ಎಷ್ಟು?

ಸರಾಗವಾಗಿ ಮಾತನಾಡುವವರನ್ನು ನಾವು ಬೇಗ ನಂಬುತ್ತೇವೆ. ಇದು ಸರಿಯೇ? ಕಳೆದ ತಿಂಗಳು ಹೊಸೂರಿನ ಒಂದು ಭಾಷಣ ಕ್ಲಬ್ಬಿನ ಸಂಜೆಗೆ ನಮ್ಮ ಧರ್ಮಕೇಂದ್ರದ ಕೆಲವರು ಹೋಗಿಬಂದ ಮೇಲೆ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಕೆಲಸದ ಸಂದರ್ಶನಕ್ಕೆ ಅನುಕೂಲವೆಂದು ನಮ್ಮ ಯುವಜನರು ಅಲ್ಲಿಗೆ ಸೇರಿದ್ದಾರೆ. ಅವರು ಕರೆದರು, ನಾವು ಹೋದೆವು.

ಇಂಥ ಕ್ಲಬ್ಬುಗಳಿಗೆ ದಾರಿ ಹಾಕಿದವರು ರಾಲ್ಫ್ ಸ್ಮೆಡ್ಲಿ. 1924ರಲ್ಲಿ ಅಮೆರಿಕದ ಸಾಂಟಾ ಆನಾ ಎಂಬ ಊರಿನ ವೈ.ಎಂ.ಸಿ.ಎ.ಯಲ್ಲಿ ಅವರು ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಆರಂಭಿಸಿದರು. ಸಿದ್ಧಪಡಿಸಿದ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ. ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. (ನಮ್ಮ ದೇವಾಲಯದಲ್ಲೂ ಪ್ರಬೋಧನೆಗೆ ಇಂಥದೊಂದು ದೀಪವಿದ್ದರೆ ಎಂದು ನಮ್ಮಲ್ಲೊಬ್ಬರು ಪಿಸುಗುಟ್ಟಿದರು, ಸ್ವಾಮಿಯವರು ಮನ್ನಿಸಬೇಕು.) ಆಮೇಲೆ ಇನ್ನೊಬ್ಬ ಸದಸ್ಯರು ಎದ್ದು, ಭಾಷಣದಲ್ಲಿ ಚೆನ್ನಾಗಿದ್ದದ್ದನ್ನೂ ತಿದ್ದಿಕೊಳ್ಳಬೇಕಾದದ್ದನ್ನೂ ಹೇಳುತ್ತಾರೆ. ಅವಮಾನಿಸದೆ ತಿದ್ದುವ ಈ ರೀತಿ ನಮಗೆ ತುಂಬ ಹಿಡಿಸಿತು. ಮತ್ತೊಬ್ಬರ ಕೆಲಸ ವಿಚಿತ್ರ: ಯಾರು ಎಷ್ಟು ಸಲ 'ಆ', 'ಮ್' ಎಂದು ತಡವರಿಸಿದರೆಂದು ಎಣಿಸಿ ಕೊನೆಗೆ ಓದಿ ಹೇಳುವುದು.

ಆ ಎಣಿಕೆಯೇ ನಮ್ಮನ್ನು ಯೋಚನೆಗೆ ಹಚ್ಚಿತು. ಮುಪ್ಪಿನ ತಂದೆತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದೇ ಸರಿ ಎಂದು ಸ್ಥಳದಲ್ಲೇ ವಾದಿಸುವಂತೆ ಒಬ್ಬ ತರುಣನಿಗೆ ವಿಷಯ ಕೊಟ್ಟರು. ಎರಡು ನಿಮಿಷ, ಒಂದು 'ಆ' ಕೂಡ ಇಲ್ಲ, ಜೋರು ಚಪ್ಪಾಳೆ. ತನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲವೆಂದು ಚಹಾ ಕುಡಿಯುವಾಗ ಅವನೇ ನಗುತ್ತಾ ಹೇಳಿದ. ಅವನ ನಂತರ ಎದ್ದ ಮಹಿಳೆಯೊಬ್ಬರು ತಾಯಿಯನ್ನು ನಿಜವಾಗಿಯೂ ಅಂಥ ಮನೆಗೆ ಬಿಟ್ಟುಬಂದವರು. ಅವರ ಲೆಕ್ಕಕ್ಕೆ ಹದಿನಾಲ್ಕು ತಡವರಿಕೆ ಬಿತ್ತು.

ಪಾಠ ತಯಾರಿಲ್ಲದೆ ತಡವರಿಸುವುದು ಬೇರೆ. ಇದ್ದದ್ದಕ್ಕಿಂತ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಮಾತನ್ನು ಹುಡುಕುತ್ತಾ ನಿಲ್ಲುವುದು ಬೇರೆ. ತನ್ನದಲ್ಲದ ಭಾಷೆಯಲ್ಲಿ ಮುಗ್ಗರಿಸುವುದು ಇನ್ನೂ ಬೇರೆ. ಕ್ಲಬ್ಬು ಮೂರನ್ನೂ ಒಂದೇ ಎಂದು ಎಣಿಸಿದರೆ ತಪ್ಪೇನಿಲ್ಲ, ಅದು ಅಭ್ಯಾಸದ ಜಾಗ. ತೀರ್ಮಾನ ಆಗುವ ಜಾಗದಲ್ಲಿ ಹಾಗೆ ಎಣಿಸಿದರೆ ಅನ್ಯಾಯವಾಗುತ್ತದೆ.

ಮಾತಿನ ಕಲೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಸಂತ ಅಗಸ್ಟೀನರು ಮಿಲಾನಿನಲ್ಲಿ ಅದನ್ನೇ ಕಲಿಸುವ ಗುರುವಾಗಿದ್ದರು. ಚಕ್ರವರ್ತಿಯನ್ನು ಹೊಗಳಲು ಸುಳ್ಳು ತುಂಬಿದ ಭಾಷಣ ಸಿದ್ಧಪಡಿಸುತ್ತಿದ್ದಾಗಿನ ತಮ್ಮ ಸಂಕಟವನ್ನು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. 386ರಲ್ಲಿ ಆ ಕೆಲಸ ಬಿಟ್ಟರು. ಆದರೂ ಕೊನೆಗಾಲದಲ್ಲಿ, ಸುಳ್ಳು ಹೇಳುವವರಿಗೆ ಮಾತಿನ ಬಲವಿರುವಾಗ ಸತ್ಯ ಹೇಳುವವರು ಅದನ್ನೇಕೆ ಬಿಡಬೇಕು ಎಂದೇ ವಾದಿಸಿದರು.

ವಿಮೋಚನಾಕಾಂಡವನ್ನೂ ನೆನೆಯೋಣ. ಮೋಶೆಯ ನಾಲಗೆ ಮಂದ. ಅಣ್ಣ ಆರೋನನದು ಚುರುಕು. ತಮ್ಮನ ಮಾತನ್ನು ಜನರಿಗೆ ತಲುಪಿಸುವಾಗ ಆ ಚುರುಕು ವರವಾಯಿತು. ಮೋಶೆ ಬೆಟ್ಟದ ಮೇಲಿದ್ದಾಗ ಜನ ಕೇಳಿದರೆಂದು ಹೊನ್ನಿನ ಕರು ಮಾಡಿಸಿದವನೂ ಇದೇ ಆರೋನ. ಸಿಕ್ಕಿಬಿದ್ದಾಗ, ಬೆಂಕಿಗೆ ಚಿನ್ನ ಹಾಕಿದೆ, ಕರು ತಾನಾಗಿ ಹೊರಬಂತು ಎಂದ. ತಡವರಿಸದೆಯೇ ಹೇಳಿರಬೇಕು!

ಇದು ನಮಗೆ ದೂರದ ಕಥೆಯಲ್ಲ. ಧರ್ಮಪ್ರಾಂತ್ಯದ ಸಭೆಗಳಲ್ಲಿ ತಮಿಳು, ಇಂಗ್ಲಿಷ್ ನಡೆಯುತ್ತವೆ. ಮನೆಯಲ್ಲಿ ಕನ್ನಡವಾಡುವ ನಮ್ಮ ಹಿರಿಯರು ಅಲ್ಲಿ ಎರಡು ವಾಕ್ಯಕ್ಕೆ ಬೆವರುತ್ತಾರೆ; ಮೂರನೆಯದಕ್ಕೆ ಯಾರಾದರೂ ಗಡಿಯಾರ ನೋಡುತ್ತಾರೆ. ಆಮೇಲೆ ಅವರು ಬಾಯಿಬಿಡುವುದೇ ಇಲ್ಲ, ಮತ್ತು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಲಾಗುತ್ತದೆ. ನಮ್ಮದೇ ಕನ್ನಡ ಕೂಟದಲ್ಲಿ ತೆಲುಗು ಮನೆಯಿಂದ ಬಂದ ಸೊಸೆ ಅರೆಬರೆ ಕನ್ನಡದಲ್ಲಿ ಮಾತೆತ್ತಿದಾಗ ಇದೇ ಪರೀಕ್ಷೆ ನಮಗೂ ಇದೆ.

ಮುಂದಿನ ಪಾಲನಾ ಸಮಿತಿಯಲ್ಲಿ ಸಮಾಧಿಭೂಮಿಯ ಗೋಡೆಯ ವಿಷಯ ಬರಲಿದೆ. ಹಳೆಯ ಎಲ್ಲೆ ಬಲ್ಲವರು ಇಬ್ಬರೇ ಹಿರಿಯರು; ಇಬ್ಬರಿಗೂ ತಮಿಳು ಸಲೀಸಲ್ಲ. ಮೊದಲು ಅವರೇ ಮಾತನಾಡಲಿ, ಕನ್ನಡದಲ್ಲೇ, ಎಷ್ಟು ಹೊತ್ತಾದರೂ ಆಗಲಿ. ಕ್ಲಬ್ಬಿಗೆ ಹೋಗುವ ನಮ್ಮ ಮಕ್ಕಳಲ್ಲೊಬ್ಬರು ಪಕ್ಕದಲ್ಲಿ ನಿಂತು, ಅವರು ಹೇಳಿದ್ದನ್ನು ಹೇಳಿದಂತೆಯೇ ತಮಿಳಿಗೆ ತರಲಿ.