ಇಂದಿನ ಚಿಂತನೆ: ಹೊತ್ತೊಯ್ದದ್ದು ಏನು?



ಅಮ್ಮ ತೀರಿಕೊಂಡಾಗ ನನ್ನ ಮಗಳ ಆಫೀಸಿನಲ್ಲಿ ಅವಳಿಗೆ ಮೂರು ದಿನ ರಜೆ ಕೊಟ್ಟರು. ಅದರ ಹೆಸರು 'ಬಿರೀವ್‌ಮೆಂಟ್ ಲೀವ್'. ಅಜ್ಜಿ ಹೋದರೆ ಮೂರೇ ದಿನವೇ ಎಂದು ಗೊಣಗಿದೆ. ಆಮೇಲೆ ಆ ಪದವೇ ತಲೆಯಲ್ಲಿ ಉಳಿದು, ನಿಘಂಟು ತೆಗೆದೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ 'ಬೆರೇಅಫಿಯನ್' ಎಂದರೆ ಕೊಳ್ಳೆ ಹೊಡೆಯುವುದು, ಕಿತ್ತುಕೊಳ್ಳುವುದು. 'ರಾಬ್' ಎಂಬ ಪದವೂ ಇದರ ನೆಂಟನೇ. ಜರ್ಮನ್ನಿನ 'ಬೆರೌಬೆನ್' ಈಗಲೂ ದೋಚುವುದೇ. ಇಂಗ್ಲಿಷಿನಲ್ಲಿ ಮಾತ್ರ ಅದು ಬರಬರುತ್ತಾ ಸಾವಿನ ಮನೆಗೆ ಅಂಟಿಕೊಂಡಿತು. ('ಗ್ರೀಫ್' ಬಂದದ್ದು ಭಾರ ಎನ್ನುವ ಅರ್ಥದ ಲ್ಯಾಟಿನ್ ಪದದಿಂದ. ಅದು ನಮಗೆ ಹೊಸದಲ್ಲ, ಎದೆಭಾರ ಎನ್ನುತ್ತೇವಲ್ಲ.)

ದೋಚುವುದು ಎಂದರೆ ದೋಚಿದವನೊಬ್ಬ ಇರಬೇಕು. ನಮ್ಮ ಕನ್ನಡದಲ್ಲಿ 'ತಾಯಿಯನ್ನು ಕಳೆದುಕೊಂಡೆ' ಎನ್ನುತ್ತೇವೆ, ಬಸ್ಸಿನಲ್ಲಿ ಪರ್ಸ್ ಕಳೆದುಕೊಂಡ ಹಾಗೆ, ತಪ್ಪು ನನ್ನದೇ ಎನ್ನುವ ಹಾಗೆ. ನನಗಂತೂ ಆ ಮಾತೇ ಸರಿ ಎನಿಸಿತ್ತು. ಅಮ್ಮ ಎದೆಉರಿ ಎಂದಾಗ, ಗ್ಯಾಸ್ ಇರಬೇಕು ಬಿಡು ಎಂದು ನಾಲ್ಕು ದಿನ ತಳ್ಳಿದವಳು ನಾನು.

ಸಂಯುತ್ತ ನಿಕಾಯದ ಚುಂದ ಸುತ್ತ ನಿಮಗೆ ನೆನಪಿರಬಹುದು. ಸಾರಿಪುತ್ತರು ಮಗಧದ ನಾಲಕ ಗ್ರಾಮದಲ್ಲಿ ತೀರಿಕೊಂಡರು. ಸಾಮಣೇರ ಚುಂದ ಅವರ ಭಿಕ್ಷಾಪಾತ್ರೆ, ಚೀವರ ಹಿಡಿದು ಸಾವತ್ಥಿಗೆ ಬಂದ. ಸುದ್ದಿ ಕೇಳಿ ಆನಂದರಿಗೆ ಮೈಮೇಲೆ ಸ್ವಾಧೀನ ತಪ್ಪಿತು, ದಿಕ್ಕೇ ತೋಚಲಿಲ್ಲ. ಆಗ ಭಗವಾನರು ಕೇಳಿದ್ದು ಹೆಚ್ಚುಕಡಿಮೆ ಕಳವಿನ ಪ್ರಶ್ನೆಯನ್ನೇ. ಸಾರಿಪುತ್ತ ಹೋಗುವಾಗ ನಿನ್ನ ಶೀಲವನ್ನು ಒಯ್ದನೇ, ಸಮಾಧಿಯನ್ನು ಒಯ್ದನೇ, ಪ್ರಜ್ಞೆಯನ್ನು ಒಯ್ದನೇ ಎಂದು.

ಮೊದಲ ಸಲ ಓದಿದಾಗ ಇದು ಕಠೋರ ಎನಿಸಿತ್ತು. ಅಳುತ್ತಿರುವವರ ಮುಂದೆ ಲೆಕ್ಕ ಕೇಳುವುದೇ? ಆನಂದರ ಉತ್ತರವನ್ನು ಆಗ ಸರಿಯಾಗಿ ಓದಿರಲಿಲ್ಲ. ಏನನ್ನೂ ಒಯ್ಯಲಿಲ್ಲ ಎಂದು ಅವರು ಒಪ್ಪುತ್ತಾರೆ. ಆದರೆ ಸಾರಿಪುತ್ತರು ಬುದ್ಧಿ ಹೇಳುತ್ತಿದ್ದರು, ಧಮ್ಮ ಬೋಧಿಸಲು ಬೇಸರಿಸುತ್ತಿರಲಿಲ್ಲ, ಅದು ನೆನಪಾಗುತ್ತದೆ ಎನ್ನುತ್ತಾರೆ. ಬುದ್ಧರು ಆ ನೆನಪನ್ನು ತಳ್ಳಿಹಾಕುವುದಿಲ್ಲ. ಹೆಮ್ಮರದ ದೊಡ್ಡ ಕೊಂಬೆ ಮುರಿದಂತಾಯಿತು ಎನ್ನುತ್ತಾರೆ. ಮುಂದಿನ ಸುತ್ತದಲ್ಲಿ ಸಭೆಯೇ ಬರಿದಾದಂತೆ ಕಾಣುತ್ತದೆ ಎಂದೂ ಹೇಳುತ್ತಾರೆ. ಬರಿದಾದದ್ದು ನಿಜ, ಕಳವಾದದ್ದು ಇಲ್ಲ.

ನಿನ್ನೆ ಸಾರಿಗೆ ಹುಣಸೆಹಣ್ಣು ಕಿವುಚುತ್ತಾ ನಾನೂ ಲೆಕ್ಕ ಹಾಕಿದೆ. ಅಮ್ಮ ಕಲಿಸಿದ ಅಳತೆ ಕೈಯಲ್ಲೇ ಇದೆ. ಆ ನಾಲ್ಕು ದಿನಗಳನ್ನು ಮಾತ್ರ ಯಾವ ಕಡೆಗೆ ಬರೆಯಬೇಕೋ ಇನ್ನೂ ತಿಳಿದಿಲ್ಲ.

ಭವತು ಸಬ್ಬ ಮಂಗಲಂ 🙏