ಕರುಣೆಯ ಲೆಕ್ಕ

ದರ್ಬೆಯಲ್ಲಿ ಸಂಜೆಯ ಹೊತ್ತು ನಾವು ನಾಲ್ವರು ಸೇರಿದೆವೆಂದರೆ ಮಾತು ಊರಿನ ಆಡಳಿತಕ್ಕೆ ತಿರುಗದೆ ಇರದು. “ಕಾರ್ಖಾನೆ ನಡೆಸಿ ಗೆದ್ದವನೊಬ್ಬನ ಕೈಗೆ ನಗರಸಭೆಯನ್ನು ಕೊಟ್ಟು ನೋಡಬೇಕು” ಎಂದರು, ಮೊನ್ನೆ ಗೆಳೆಯರೊಬ್ಬರು. ಆಗ ನನಗೆ ನೆನಪಾದವನು ಅಮೆರಿಕದ ಟೊಲಿಡೊ ನಗರದ ಸ್ಯಾಮ್ಯುವೆಲ್ ಜೋನ್ಸ್.

ಜೋನ್ಸ್ ಹುಟ್ಟಿದುದು 1846ರಲ್ಲಿ, ವೇಲ್ಸ್ ಸೀಮೆಯ ಬಡ ಮನೆಯಲ್ಲಿ. ಮೂರು ವರ್ಷದ ಕೂಸಾಗಿ ಅಮೆರಿಕಕ್ಕೆ ಬಂದು, ಎಣ್ಣೆಬಾವಿಗಳಲ್ಲಿ ದುಡಿದು ಮೇಲೆ ಬಂದವನು. 1894ರಲ್ಲಿ ಆ ಬಾವಿಗಳ ಪಂಪಿಗೆ ಬೇಕಾಗುವ ಸರಳುಗಳ ಕಾರ್ಖಾನೆ ತೆರೆದ. ಅದರ ಗೋಡೆಯ ಮೇಲೆ ಕಟ್ಟಳೆಗಳ ಪಟ್ಟಿಯಿರಲಿಲ್ಲ. ತನಗೆ ಬೇಕೆನಿಸುವುದನ್ನೇ ಪರರಿಗೂ ಮಾಡಬೇಕೆಂಬ ಬೈಬಲಿನ ಉಪದೇಶದ ಫಲಕ ಮಾತ್ರವಿತ್ತು. ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಸಂಬಳಸಹಿತ ರಜೆ. ಆ ಕಾಲಕ್ಕೆ ಇವು ಅಪರೂಪವೇ.

1897ರಲ್ಲಿ ಜೋನ್ಸ್ ಮೇಯರನಾದ. ಪೊಲೀಸರ ಕೈಯ ದೊಣ್ಣೆ ಬಿಡಿಸಿ ಹಗುರವಾದ ಬೆತ್ತ ಕೊಡಿಸಿದ. 1899ರಲ್ಲಿ ಸ್ವಂತ ಪಕ್ಷವೇ ಕೈಬಿಟ್ಟಾಗ ಪಕ್ಷೇತರನಾಗಿ ನಿಂತು ಗೆದ್ದ. 1904ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ.

ಆಗ ಮೇಯರನು ಪೊಲೀಸ್ ನ್ಯಾಯಾಲಯದ ಪೀಠದಲ್ಲೂ ಕುಳಿತುಕೊಳ್ಳಬಹುದಿತ್ತು. ಜೋನ್ಸ್ ಕುಳಿತ ದಿನ ಕುಡುಕರಿಗೂ ಅಲೆಮಾರಿಗಳಿಗೂ ಬಿಡುಗಡೆ. ಅವರನ್ನು ಆ ಸ್ಥಿತಿಗೆ ತಂದುದು ಸಮಾಜ, ಶಿಕ್ಷೆ ಮಾತ್ರ ಅವರಿಗೇಕೆ ಎಂಬುದು ಅವನ ವಾದ. ಕೊನೆಗೆ ರಾಜ್ಯದ ಶಾಸನಸಭೆಯು ಮೇಯರನ ಆ ಅಧಿಕಾರವನ್ನೇ ತೆಗೆದುಹಾಕಿತು.

ಬಹುಕಾಲ ನಾನು ಇದನ್ನು ಕಲ್ಲೆದೆಯವರ ಕೆಲಸವೆಂದೇ ತಿಳಿದಿದ್ದೆ. ಈಗ ಅಷ್ಟು ಸುಲಭವಾಗಿ ಹೇಳಲಾರೆ.

ಮೊಳಹಳ್ಳಿ ಶಿವರಾಯರು (1880–1967) ಸಹಕಾರದ ಬೀಜ ಬಿತ್ತಿದ ಊರು ನಮ್ಮ ಪುತ್ತೂರು. ಇಲ್ಲಿಯ ಒಂದು ಸಣ್ಣ ಸಂಘದ ಸಮಿತಿಯಲ್ಲಿ ನಾನೂ ಕೆಲವು ವರ್ಷ ಇದ್ದೆ. ಕೊಳೆರೋಗದಿಂದ ಅಡಕೆ ಕಳೆದುಕೊಂಡ ಪರಿಚಿತರೊಬ್ಬರ ದಂಡಬಡ್ಡಿಯನ್ನು, ನಾನೇ ವಾದಿಸಿ, ಬಿಡಿಸಿಕೊಟ್ಟೆ. ಪುಣ್ಯದ ಕೆಲಸ ಮಾಡಿದೆನೆಂಬ ಹಿಗ್ಗಿನಲ್ಲಿ ಮನೆಗೆ ನಡೆದೆ. ವಾರ ಕಳೆಯುವುದರೊಳಗೆ ಹಿರಿಯ ಹೆಂಗಸೊಬ್ಬರು ಜಗಲಿಯಲ್ಲಿ ಬಂದು ಕುಳಿತರು. ಅದೇ ಮಳೆಗಾಲ, ಅದೇ ಕೊಳೆರೋಗ. ಬೆಂಡೋಲೆ ಮಾರಿ ಕಂತು ತೀರಿಸಿದ್ದರು.

“ಹಾಗಾದರೆ ಹೊತ್ತಿಗೆ ಸರಿಯಾಗಿ ಕಟ್ಟಿದ್ದು ನನ್ನ ತಪ್ಪಾ, ಮಾಷ್ಟ್ರೇ?” ಎಂದರು.

ನಾನು ಉತ್ತರ ಕೊಡಲಿಲ್ಲ, ಕೊಡುವ ಉತ್ತರವಿರಲಿಲ್ಲ.

ತನ್ನ ಕಾರ್ಖಾನೆಯಲ್ಲಿ ಜೋನ್ಸ್ ಕೊಟ್ಟುದು ತನ್ನ ಲಾಭದಿಂದ. ಪೀಠದಲ್ಲಿ ಕುಳಿತು ಬಿಟ್ಟುಕೊಟ್ಟುದರ ಬೆಲೆಯನ್ನು ತೆರುವವರು ಬೇರೆ. ಬಿಡುಗಡೆಯಾದ ಕುಡುಕನ ಹೆಂಡತಿಯೂ ಅವರಲ್ಲೊಬ್ಬಳಾಗಿರಬಹುದು. ಪರರನ್ನು ತನ್ನಂತೆ ಕಾಣಬೇಕು, ಸರಿಯೇ. ಆದರೆ ಪರರೆಂದರೆ ಎದುರಿಗೆ ಕೈಮುಗಿದು ನಿಂತವನಷ್ಟೇ ಅಲ್ಲ. ಅಲ್ಲಿಗೆ ಬಾರದವಳೂ ಪರರೇ. ಅವಳ ಮುಖ ನಮಗೆ ಕಾಣುವುದಿಲ್ಲ. ಅದಕ್ಕಾಗಿಯೇ ನಿಯಮ ಬೇಕು.

ಹಾಗೆಂದು ಜೋನ್ಸನ ದಾರಿ ತಪ್ಪೆನ್ನಲು ನನ್ನ ನಾಲಗೆ ಏಳದು. ನಿಯಮವನ್ನೇ ನೆಪಮಾಡಿ ಮನುಷ್ಯನನ್ನು ನೋಡದಿರುವ ಅಧಿಕಾರಿಗಿಂತ ಅವನು ಸಾವಿರ ಪಾಲು ಮೇಲು. ಆದರೂ ಎದೆಯಲ್ಲಿ ಹುಟ್ಟಿದ ಕರುಣೆ ಎಲ್ಲರಿಗೂ ಸಲ್ಲುವ ಕಟ್ಟಳೆಯಾಗಿ ಮಾರ್ಪಡುವವರೆಗೆ ಅದು ಅರ್ಧ ಧರ್ಮವೇ.

ಮುಂದಿನ ಸಭೆಯಲ್ಲಿ, ಬೆಳೆ ಕಳೆದುಕೊಂಡ ಎಲ್ಲರಿಗೂ ಒಂದೇ ರೀತಿಯ ವಿನಾಯಿತಿಯೆಂದು ನಾವು ಠರಾವು ಮಾಡಿದೆವು. ಆ ಹೆಂಗಸಿಗೆ ಅದರಿಂದ ಏನೂ ದೊರೆಯಲಿಲ್ಲ. ಬೆಂಡೋಲೆ ಆಗಲೇ ಮಾರಿಹೋಗಿತ್ತು.