ಹೊಂಗೆ ಮರದ ಬುಡದ ಲೆಕ್ಕ

ಶ್ರೀಗಂಧದ ಕಾವಲ್‌ನಲ್ಲಿ ಸೈಟು ನೋಡೋಕೆ ಹೋಗಿದ್ದೆ. ಬ್ರೋಕರ್ ಬಾಯಿಂದ ಬಂದ ಮೊದಲ ಮಾತು, "ಹತ್ತಿರದಲ್ಲಿ ಸ್ಮಶಾನ ಗಿಶಾನ ಏನೂ ಇಲ್ಲ ಸಾರ್." ವಾಸ್ತು, ನೀರು ಎಲ್ಲ ಆಮೇಲೆ. ನಾನೂ ಸಮಾಧಾನದಿಂದ ತಲೆ ಆಡಿಸಿದೆ.

ಅದೇ ವಾರ ಅಪ್ಪನ ಫೋನು. ಹೊಲಕ್ಕೆ ಗಿರಾಕಿ ಸಿಕ್ಕಿದಾರೆ, ಸಹಿ ಹಾಕೋಕೆ ಬಾ ಅಂತ. ಆ ಹೊಲದ ಬದುವಿನ ಹೊಂಗೆ ಬುಡದಲ್ಲಿ, ನನಗಿಂತ ಮೊದಲು ಹುಟ್ಟಿ 11 ದಿನಕ್ಕೇ ಹೋದ ಅಕ್ಕ ಇದ್ದಾಳೆ. ಕಲ್ಲಿಲ್ಲ, ಹೆಸರೂ ಇಟ್ಟಿರಲಿಲ್ಲ. ಅಮ್ಮ ಮಾತ್ರ ಅಲ್ಲಿ ಕುಡುಗೋಲು ಹಾಕಲ್ಲ.

ಮೊಳಕಾಲ್ಮೂರಿನ ಬ್ರಹ್ಮಗಿರಿ ನಮಗೆಲ್ಲ ಗೊತ್ತಿರೋದು ಅಶೋಕನ ಶಾಸನದಿಂದ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ, ನವಶಿಲಾಯುಗದ ವಸತಿಯ ಒಳಗೇ ಮಡಕೆಗಳಲ್ಲಿಟ್ಟು ಹೂತ ಶಿಶುಗಳು ಸಿಕ್ಕವು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲೂ ಹಾಗೇ. ಪುಣೆ ಜಿಲ್ಲೆಯ ಇನಾಂಗಾವ್‌ನಲ್ಲಿ ಎರಡು ಮಡಕೆಗಳನ್ನ ಬಾಯಿಗೆ ಬಾಯಿ ಕೂಡಿಸಿ, ಮಗುವನ್ನ ಒಳಗಿಟ್ಟು, ಮನೆಯ ನೆಲದಡಿ ಹೂಳ್ತಿದ್ರು. ದೊಡ್ಡವರನ್ನೂ ಅಲ್ಲೇ ಹೂತರು, ಆದರೆ ಪಾದ ಕತ್ತರಿಸಿ! ಸತ್ತವರು ಎದ್ದು ಹೋಗದಿರಲಿ ಅಂತ ಒಂದು ವಿವರಣೆ. ಕಬ್ಬಿಣದ ಕಾಲಕ್ಕೆ ಬ್ರಹ್ಮಗಿರಿಯಲ್ಲಿ ಸತ್ತವರು ಕಲ್ಲುಗೋರಿಗಳಲ್ಲಿ ಊರಾಚೆ ಹೋದರು.

ಶಿಶುಗಳು ಇನ್ನೂ ಸಮಾಜದ ಪೂರ್ತಿ ಸದಸ್ಯರಲ್ಲ, ಅದಕ್ಕೇ ಬೇರೆ ಪದ್ಧತಿ ಅಂತ ಕೆಲವು ವಿದ್ವಾಂಸರು ಹೇಳ್ತಾರೆ. ಇರಬಹುದು. ಆದರೆ ಲೆಕ್ಕಕ್ಕಿಲ್ಲದ ಕೂಸನ್ನ ದಿನಾ ಓಡಾಡೋ ನೆಲದಡಿ ಯಾಕೆ ಇಟ್ಕೊಳ್ತಾರೆ? ನನಗಂತೂ ಆ ಮಾತು ಪೂರ್ತಿ ಗಿಟ್ಟಲಿಲ್ಲ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಕ್ರಯಪತ್ರದಲ್ಲಿ ಬೋರ್‌ವೆಲ್ ಇದೆ, ತೆಂಗಿನ ಮರ ಇವೆ, ಚಕ್ಕುಬಂದಿ ಇದೆ. ಅಕ್ಕ ಇಲ್ಲ. ಗಿರಾಕಿಗೆ ಹೇಳಬೇಕಾ? ಮೂಳೆ ಎಂದೋ ಮಣ್ಣಾಗಿದೆ, ಸತ್ತವರಿಗೆ ನಷ್ಟ ಏನೂ ಇಲ್ಲ ಅಂತ ವಾದ ಮಾಡಬಹುದು. ಅಪ್ಪನ ಸಾಲವೂ ನಿಜವೇ. ಆದರೆ ಬ್ರೋಕರ್ ನನ್ನಿಂದ ಇಂಥದ್ದೊಂದು ಮುಚ್ಚಿಟ್ಟಿದ್ರೆ ಮೋಸ ಅಂತಿದ್ದೆ. ನಾನು ಮಾರೋವಾಗ ಅದು ಮೋಸ ಅಲ್ಲ ಅನ್ನೋಕೆ ಕಾರಣ ಹುಡುಕಿದೆ, ಸಿಗಲಿಲ್ಲ. ಗಿರಾಕಿಗೆ ಹೇಳಿ, ಹೊಂಗೆ ಸುತ್ತ ಒಂದು ಗುಂಟೆ ಬಿಟ್ಟು ಮಾರೋಣ ಅಂದೆ.

"ಹೇಳಿದ್ರೆ ರೇಟು ಇಳಿಸ್ತಾನೆ," ಅಂದ್ರು ಅಪ್ಪ.

ಇಳಿಸ್ತಾನೆ, ನಿಜ. ಅಮ್ಮನ್ನ ಇನ್ನೂ ಯಾರೂ ಕೇಳಿಲ್ಲ. ಭಾನುವಾರ ಊರಿಗೆ ಹೋಗ್ತಿದೀನಿ.